ಬಡಾವಣೆಯ ಹಬ್ಬ, ಬೀದಿಯ ಸುದ್ದಿ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ವರ್ಷವಿಡೀ ಏನಾದರೊಂದು ಕಾರ್ಯಕ್ರಮ ಇದ್ದೇ ಇರುತ್ತದೆ. ಕಾರ್ತೀಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ, ಚೈತ್ರದ ಹುಣ್ಣಿಮೆಯ ರಾತ್ರಿ ಪೇಟೆಯಲ್ಲಿ ಕರಗ, ರಾಮನವಮಿಗೆ ಚಾಮರಾಜಪೇಟೆಯಲ್ಲಿ 1939ರಲ್ಲಿ ಶುರುವಾದ ಸಂಗೀತೋತ್ಸವ, ಭಾದ್ರಪದದಲ್ಲಿ ಬೀದಿಗೊಂದು ಗಣಪತಿ, ನವೆಂಬರ್ ಪೂರ್ತಿ ರಾಜ್ಯೋತ್ಸವ. ಇದರ ಜೊತೆಜೊತೆಗೇ ಸದ್ದಿಲ್ಲದೆ ಇನ್ನೊಂದು ವ್ಯವಹಾರವೂ ನಡೆದಿರುತ್ತದೆ. ಇವತ್ತು ನೀರು ಬಿಡುತ್ತಾರೋ ಇಲ್ಲವೋ, ಯಾರ ಮಹಡಿ ಬಾಡಿಗೆಗಿದೆ, ಮೂರನೇ ಕ್ರಾಸಿನ ಮೇಷ್ಟ್ರು ಆಸ್ಪತ್ರೆಯಿಂದ ಬಂದರೋ ಇಲ್ಲವೋ ಎಂಬ ದಿನದಿನದ ಸುದ್ದಿ. ಮೊದಲನೆಯದಕ್ಕೆ ಫ್ಲೆಕ್ಸ್ ಕಟ್ಟುತ್ತಾರೆ, ಪತ್ರಿಕೆಯಲ್ಲಿ ಎರಡು ಸಾಲು ಬರುತ್ತದೆ. ಎರಡನೆಯದು ಎಲ್ಲೂ ಅಚ್ಚಾಗುವುದಿಲ್ಲ. ಬಡಾವಣೆಯ ಒಗ್ಗಟ್ಟು ಯಾವುದರಿಂದ ಬಂತು ಎಂದು ಕೇಳಿದರೆ ಹೆಚ್ಚಿನವರು ಹಬ್ಬದ ಕಡೆ ಕೈ ತೋರಿಸುತ್ತಾರೆ. ಆದರೆ ಹಬ್ಬ ನಡೆಯಬೇಕಾದರೂ ಅದಕ್ಕೆ ಮೊದಲು ಆ ಚಿಲ್ಲರೆ ಸುದ್ದಿ ಓಡಾಡುತ್ತಿರಬೇಕು.

ಸುದ್ದಿ ತಾನಾಗಿ ಓಡಾಡುವುದಿಲ್ಲ. ಅದಕ್ಕೆ ಬೀದಿಯಲ್ಲಿ ನಿಲ್ಲಲು ಕಾರಣವಿರುವ ಮನುಷ್ಯರು ಬೇಕು. ವರ್ತನೆಯ ಹೂವು ಕೊಡುವವಳು, ಹಾಲಿನ ಬೂತಿನವನು, ಮರದ ಕೆಳಗೆ ಇಸ್ತ್ರಿ ಗಾಡಿ ಇಟ್ಟುಕೊಂಡವನು, ಸೊಪ್ಪಿನವಳು, ಜಲಮಂಡಳಿಯ ವಾಲ್ವ್‌ಮನ್, ಆಟೋ ಸ್ಟ್ಯಾಂಡಿನವರು: ಇವರಲ್ಲಿ ಒಬ್ಬರ ಕೆಲಸವೂ ಸುದ್ದಿ ಹೇಳುವುದಲ್ಲ, ಆದರೂ ಬೀದಿಯ ಸಮಾಚಾರವೆಲ್ಲ ಇವರ ಬಳಿ ಇರುತ್ತದೆ. ಗೇಟಿಗೆ ಸಿಕ್ಕಿಸಿದ ಹೂವಿನ ಪೊಟ್ಟಣ ಮರುದಿನ ಬೆಳಿಗ್ಗೆಯೂ ಅಲ್ಲೇ ಬಾಡಿಕೊಂಡಿದ್ದರೆ ಹೂವಿನವಳು ಪಕ್ಕದ ಮನೆಯ ಬೆಲ್ ಒತ್ತುತ್ತಾಳೆ: ‘ಅಜ್ಜಿ ಊರಿಗೇನಾದ್ರೂ ಹೋದ್ರಾ, ಅಮ್ಮಾ?’ ಬಾಗಿಲ ಮುಂದೆ ರಂಗೋಲಿ ಬೀಳದಿದ್ದರೆ ಮನೆಯವರು ಊರಲ್ಲಿಲ್ಲ, ಇಲ್ಲವೇ ಸೂತಕ, ಇಲ್ಲವೇ ಮನೆಯಾಕೆಗೆ ಹುಷಾರಿಲ್ಲ. ಈ ಮೂರರಲ್ಲಿ ಯಾವುದು ಎಂದು ಹತ್ತು ಗಂಟೆಯೊಳಗೆ ಬೀದಿಗೆ ಗೊತ್ತಾಗಿರುತ್ತದೆ. ಇದನ್ನು ಹರಟೆ ಎಂದು ತಳ್ಳಿಹಾಕುವುದು ಸುಲಭ. ಒಂಟಿಯಾಗಿರುವ ಮುದುಕರ ಪಾಲಿಗೆ ಇದಕ್ಕಿಂತ ಭದ್ರವಾದ ಕಾವಲು ಇನ್ನೊಂದಿಲ್ಲ.

ಅಮೆರಿಕದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲಿ ನ್ಯೂಯಾರ್ಕಿನ ಬೀದಿಗಳನ್ನು ಕುರಿತು ಬರೆಯುತ್ತ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಬೀದಿಯನ್ನು ಕಾಯುವುದು ಪೊಲೀಸರಿಗಿಂತ ಹೆಚ್ಚಾಗಿ ಅಂಗಡಿಯವರ ಮತ್ತು ಕಿಟಕಿಯಲ್ಲಿ ನಿಂತವರ ಕಣ್ಣು ಎಂಬುದು ಆಕೆಯ ವಾದ. ಅದು ಬರಿಯ ಭಾವುಕತೆಯಲ್ಲ ಎನ್ನುವುದು 1995ರ ಜುಲೈನಲ್ಲಿ ಶಿಕಾಗೋ ನಗರದಲ್ಲಿ ಸಾಬೀತಾಯಿತು. ಬಿಸಿಗಾಳಿ ಬೀಸಿದ ಕೆಲವೇ ದಿನಗಳಲ್ಲಿ ಅಲ್ಲಿ ವಾಡಿಕೆಗಿಂತ ಸುಮಾರು 739 ಮಂದಿ ಹೆಚ್ಚಾಗಿ ಸತ್ತರು. ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನೆನ್‌ಬರ್ಗ್ ಈ ಸಾವುಗಳ ಬೆನ್ನು ಹತ್ತಿ, ಒಂದಕ್ಕೊಂದು ತಾಗಿಕೊಂಡಿದ್ದ ಎರಡು ಬಡಾವಣೆಗಳನ್ನು ಹೋಲಿಸಿ ನೋಡಿದರು. ನಾರ್ತ್ ಲಾಂಡೇಲ್, ಸೌತ್ ಲಾಂಡೇಲ್ ಎರಡರಲ್ಲೂ ಬಡವರಿದ್ದರು, ಒಂಟಿ ವೃದ್ಧರ ಪ್ರಮಾಣವೂ ಹೆಚ್ಚುಕಡಿಮೆ ಒಂದೇ. ಆದರೂ ಲಕ್ಷಕ್ಕೆ 40ರಂತೆ ಮೊದಲನೆಯದರಲ್ಲಿ ಜನ ಸತ್ತರೆ ಎರಡನೆಯದರಲ್ಲಿ ಸತ್ತವರು ಲಕ್ಷಕ್ಕೆ 4. ವ್ಯತ್ಯಾಸ ಇದ್ದದ್ದು ಬೀದಿಯಲ್ಲಿ. ಸೌತ್ ಲಾಂಡೇಲಿನಲ್ಲಿ ಅಂಗಡಿಗಳಿದ್ದವು, ಜನ ಓಡಾಡುತ್ತಿದ್ದರು, ಮುದುಕರಿಗೆ ಮನೆ ಬಿಟ್ಟು ಹೊರಗೆ ಬರಲು ಒಂದು ನೆಪವಿತ್ತು. ನಾರ್ತ್ ಲಾಂಡೇಲಿನಲ್ಲಿ ಕಾರ್ಖಾನೆಗಳು ಮುಚ್ಚಿ, ಅಂಗಡಿಗಳು ಎದ್ದುಹೋಗಿ, ಪಾಳುಬಿದ್ದ ನಿವೇಶನಗಳ ನಡುವೆ ಬಾಗಿಲು ತೆರೆಯಲೇ ಜನ ಹೆದರುತ್ತಿದ್ದರು. ಯಾರು ಕಾಣಿಸುತ್ತಿಲ್ಲ ಎಂದು ಗಮನಿಸುವವರೇ ಅಲ್ಲಿ ಕಡಿಮೆಯಾಗಿದ್ದರು.

ಹೀಗೆ ಸುದ್ದಿ ಮುಟ್ಟಿಸುವವರು ಆಪ್ತರೇ ಆಗಿರಬೇಕಿಲ್ಲ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರ ತಮ್ಮ ಹೆಸರಾಂತ ಲೇಖನದಲ್ಲಿ ತೋರಿಸಿದಂತೆ, ಹೊಸ ಕೆಲಸದ ಸುಳಿವು ಜನರಿಗೆ ಸಿಗುವುದು ಹತ್ತಿರದ ಗೆಳೆಯರಿಂದಲ್ಲ, ಮುಖಪರಿಚಯದವರಿಂದ. ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಖಾಲಿ ಮನೆ, ಅಡಿಗೆಯವಳು, ಒಂದು ಸಂಬಂಧ ಇಂಥವನ್ನು ಹುಡುಕಿದ ಯಾರೂ ಇದಕ್ಕೆ ಬೇರೆ ಪುರಾವೆ ಕೇಳಲಾರರು.

ಹಾಗಾದರೆ ಹಬ್ಬದ ಪಾತ್ರವೇನು? ಬಾಲಗಂಗಾಧರ ತಿಲಕರು 1893ರ ಸುಮಾರಿಗೆ ಮಹಾರಾಷ್ಟ್ರದಲ್ಲಿ ಗಣೇಶೋತ್ಸವವನ್ನು ಮನೆಯಿಂದ ಬೀದಿಗೆ ತಂದದ್ದು ಜನರನ್ನು ಒಂದೆಡೆ ಸೇರಿಸಲು. ಇಂದಿನ ಬೀದಿಯ ಗಣಪತಿಯಲ್ಲಿ ಕಣ್ಣಿಗೆ ಬೀಳುವುದು ಪೆಂಡಾಲು, ಆರ್ಕೆಸ್ಟ್ರಾ, ಮೆರವಣಿಗೆ. ಆದರೆ ಬಡಾವಣೆಯ ದೃಷ್ಟಿಯಿಂದ ಅದರ ಮುಖ್ಯ ಭಾಗ ಮೂರು ವಾರ ಮೊದಲೇ ಮುಗಿದಿರುತ್ತದೆ. ರಸೀದಿ ಪುಸ್ತಕ ಹಿಡಿದು ನಾಲ್ಕೈದು ಹುಡುಗರು ಮನೆಮನೆಗೆ ಚಂದಾ ಎತ್ತಲು ಬರುತ್ತಾರೆ. ಯಾವ ಮನೆಯಲ್ಲಿ ಐನೂರು ಕೇಳಬಹುದು, ಯಾವ ಮನೆಯಲ್ಲಿ ನೂರಕ್ಕೇ ಬೈಸಿಕೊಳ್ಳಬೇಕು, ಯಾರ ಮನೆಯಲ್ಲಿ ಈ ವರ್ಷ ಹಬ್ಬವಿಲ್ಲ, ಹಾಗಾಗಿ ಸುಮ್ಮನೆ ಮುಂದೆ ಹೋಗಬೇಕು ಎಂಬುದೆಲ್ಲ ಅವರಿಗೆ ಗೊತ್ತಿರಬೇಕು. ಗೊತ್ತಿಲ್ಲದವರು ಆ ಸಂಜೆ ಕಲಿಯುತ್ತಾರೆ. ಯಾವ ಜನಗಣತಿಯೂ ಬೀದಿಯನ್ನು ಇಷ್ಟು ಹತ್ತಿರದಿಂದ ಎಣಿಸುವುದಿಲ್ಲ. ಆಮೇಲೆ ಪೊಲೀಸ್ ಅನುಮತಿ, ಕರೆಂಟಿಗೆ ಅರ್ಜಿ, ಪ್ರಸಾದಕ್ಕೆ ಅಕ್ಕಿ ಬೇಳೆ, ಕೊನೆಗೆ ಲೆಕ್ಕ ಒಪ್ಪಿಸುವಾಗ ಒಂದು ಜಗಳ. ಈ ಜಗಳವೂ ಬೇಕಾದದ್ದೇ. ಹಣದ ವಿಷಯದಲ್ಲಿ ಕಚ್ಚಾಡಿ ಮರುವರ್ಷ ಮತ್ತೆ ಒಟ್ಟಿಗೆ ಕೂರುವುದನ್ನು ಕಲಿತವರು ಚರಂಡಿ ಕಟ್ಟಿಕೊಂಡ ದಿನವೂ ಒಟ್ಟಿಗೆ ಕಚೇರಿಗೆ ಹೋಗಬಲ್ಲರು.

ಎಲ್ಲ ಹಬ್ಬವೂ ಈ ಕೆಲಸ ಮಾಡುವುದಿಲ್ಲ. ಕಡಲೆಕಾಯಿ ಪರಿಷೆಯ ಕಥೆ ಶುದ್ಧ ಅಕ್ಕಪಕ್ಕದ ಕಥೆ: ಸುಂಕೇನಹಳ್ಳಿ, ಗವಿಪುರ, ಮಾವಳ್ಳಿ, ದಾಸರಹಳ್ಳಿಯ ರೈತರ ಬೆಳೆಯನ್ನು ಬಸವ ಮೇಯುತ್ತಿದ್ದನಂತೆ, ಅವನನ್ನು ಸಮಾಧಾನಪಡಿಸಲು ಮೊದಲ ಫಸಲನ್ನು ತಂದೊಪ್ಪಿಸಿದರಂತೆ. ಈಗ ಆ ಹೊಲಗಳ ಮೇಲೆ ಮನೆಗಳಿವೆ, ಕಡಲೆಕಾಯಿ ದೂರದ ಜಿಲ್ಲೆಗಳಿಂದಲೂ ಹೊರ ರಾಜ್ಯಗಳಿಂದಲೂ ಬರುತ್ತದೆ, ಜನ ಇಡೀ ಊರಿನಿಂದ ಬರುತ್ತಾರೆ. ಬುಲ್ ಟೆಂಪಲ್ ರಸ್ತೆಯ ನಿವಾಸಿಗಳಿಗೆ ಉಳಿದದ್ದು ಬಹುಪಾಲು ನೆಂಟರೂ ಟ್ರಾಫಿಕ್ಕೂ. ಪರಿಷೆ ಬೆಳೆದು ಊರಿನದಾಯಿತು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ಬಡಾವಣೆಯ ಒಗ್ಗಟ್ಟಿನ ಗುರುತು ಎನ್ನಲಾಗದು. ಕರಗದ್ದು ಬೇರೆ ರೀತಿ. ಧರ್ಮರಾಯಸ್ವಾಮಿ ಗುಡಿಯಿಂದ ಹೊರಟ ಕರಗ ಅರಳೇಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗಿ ಬರುವುದು ವಾಡಿಕೆ. ವರ್ಷಕ್ಕೊಮ್ಮೆಯಾದರೂ ಎರಡು ಕಡೆಯ ಹಿರಿಯರು ಮುಂಚಿತವಾಗಿ ಮಾತನಾಡಿಕೊಳ್ಳಲೇಬೇಕಾದ ಒಂದು ಕಟ್ಟುಪಾಡು ಹಾಗೆ ಉಳಿದುಕೊಂಡಿದೆ.

ಇಂಥ ಕಟ್ಟುಪಾಡಿನ ಬೆಲೆಯನ್ನು ರಾಜ್ಯಶಾಸ್ತ್ರಜ್ಞ ಅಶುತೋಷ್ ವಾರ್ಷ್ನೆ 2002ರ ತಮ್ಮ ಅಧ್ಯಯನದಲ್ಲಿ ಚೆನ್ನಾಗಿ ಹಿಡಿದಿದ್ದಾರೆ. ಅಲೀಗಢ, ಕಲ್ಲಿಕೋಟೆಯಂಥ ನಗರಗಳನ್ನು ಜೋಡಿಯಾಗಿಟ್ಟು ನೋಡಿದ ಅವರು ಹೇಳುವುದು ಇಷ್ಟು: ನೆರೆಹೊರೆಯ ದಿನನಿತ್ಯದ ಸಲುಗೆ ಹಳ್ಳಿಗೆ ಸಾಕಾಗಬಹುದು, ನಗರದಲ್ಲಿ ಗಲಭೆಯ ಒತ್ತಡ ಬಂದಾಗ ಅದು ಮುರಿಯುತ್ತದೆ, ಎರಡೂ ಕಡೆಯವರು ಸೇರಿರುವ ಸಂಘಸಂಸ್ಥೆಗಳಿದ್ದರೆ ಮಾತ್ರ ಶಾಂತಿ ನಿಲ್ಲುತ್ತದೆ. ಬೆಂಗಳೂರಿನಲ್ಲೇ 1991ರ ಡಿಸೆಂಬರಿನಲ್ಲಿ ಕಾವೇರಿ ವಿವಾದ ಭುಗಿಲೆದ್ದು ತಮಿಳರ ಮೇಲೆ ಹಲ್ಲೆಗಳಾದಾಗ, ವರ್ಷಗಟ್ಟಲೆ ಒಂದೇ ನಲ್ಲಿಯ ಮುಂದೆ ನಿಂತವರ ಪರಿಚಯ ಎಲ್ಲ ಕಡೆಯೂ ಅಡ್ಡ ಬರಲಿಲ್ಲ. ಸುದ್ದಿಯಿಂದ ಗುರುತು ಬೆಳೆಯುತ್ತದೆ, ಆ ಗುರುತಿಗೆ ಕೈಕಾಲು ಬರುವುದು ಸಂಘದಿಂದ. ಸಂಘವಿಲ್ಲದ ಸುದ್ದಿ ಕೆಟ್ಟ ದಿನದಲ್ಲಿ ವದಂತಿಯೂ ಆಗಬಲ್ಲದು.

ಒಗ್ಗಟ್ಟಿಗೆ ಇನ್ನೊಂದು ಮುಖವಿದೆ. ಎಲ್ಲರಿಗೂ ಎಲ್ಲವೂ ತಿಳಿಯುವ ಬೀದಿಯಲ್ಲಿ ತಡವಾಗಿ ಮನೆಗೆ ಬರುವ ಹುಡುಗಿಯ ಸಮಾಚಾರವೂ ತಿಳಿಯುತ್ತದೆ. ಮನೆ ಬಾಡಿಗೆಗೆ ಕೇಳಿ ಬಂದವರನ್ನು ‘ನೀವು ಯಾವ ಜನ?’ ಎಂದೋ, ಇನ್ನೂ ನಯವಾಗಿ ‘ವೆಜ್ಜಾ?’ ಎಂದೋ ಕೇಳುವುದು ಇದೇ ಒಗ್ಗಟ್ಟಿನ ಬಾಯಿ. ಇದರ ಬೇರು ಬಡಾವಣೆಗಳ ಹುಟ್ಟಿನಲ್ಲೇ ಇದೆ. 1898ರ ಪ್ಲೇಗಿನ ನಂತರ ಕಿಕ್ಕಿರಿದ ಪೇಟೆಯಿಂದ ಜನರನ್ನು ಹೊರಗೆ ತರಲು ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಅಗಲ ರಸ್ತೆ, ಗಾಳಿ ಬೆಳಕು ಎಲ್ಲ ಬಂದವು, ಜಾತಿವಾರು ವಿಂಗಡಣೆಯೂ ಜೊತೆಗೆ ಬಂತು. ಮನೆಗಳ ಹಿಂದೆ ಬಿಟ್ಟ ಕನ್ಸರ್ವೆನ್ಸಿ ಓಣಿಗಳು ಕಕ್ಕಸು ಬಳಿಯುವವರು ಮುಂಬಾಗಿಲಿನ ಕಡೆ ಕಾಣಿಸಿಕೊಳ್ಳದೆ ಬಂದು ಹೋಗಲೆಂದು. ಓಣಿಗಳಲ್ಲಿ ಈಗ ಸ್ಕೂಟರುಗಳು ನಿಂತಿವೆ. ಮುಂದಿನ ಬೀದಿಯ ಸುದ್ದಿಗೂ ಹಿಂದಿನ ಓಣಿಯ ಸುದ್ದಿಗೂ ಇದ್ದ ಅಂತರ ಪೂರ್ತಿ ಹೋಗಿಲ್ಲ. ಹೂವಿನವಳಿಗೆ ಬೀದಿಯ ಎಲ್ಲರ ಮನೆಯ ಸಂಗತಿ ಗೊತ್ತು. ಅವಳೇ ಒಂದು ವಾರ ಬಾರದಿದ್ದರೆ, ಬೀದಿ ಕೇಳುವುದು ಸಾಮಾನ್ಯವಾಗಿ ಬೇರೆ ಹೂವಿನವಳು ಸಿಗುತ್ತಾಳೆಯೇ ಎಂದು.

ಆಡಳಿತ ಈ ಸುದ್ದಿಯನ್ನು ಕೇಳಿಸಿಕೊಳ್ಳಲು ಕಿವಿ ಇಟ್ಟುಕೊಂಡಿಲ್ಲ ಎನ್ನುವಂತಿಲ್ಲ. 1992ರ ಸಂವಿಧಾನದ 74ನೇ ತಿದ್ದುಪಡಿ, 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕು ಎಂದಿತು. ಆದರೆ 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕಾರ್ಪೊರೇಟರುಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಆ ಜಾಗವನ್ನು ವಾಟ್ಸ್‌ಆ್ಯಪ್ ಗುಂಪುಗಳು ಸ್ವಲ್ಪ ಮಟ್ಟಿಗೆ ತುಂಬಿವೆ. ಕರೆಂಟು ಹೋದ ಸಮಾಚಾರಕ್ಕೆ ಅವು ಬಹಳ ಉಪಯೋಗ. ಗೇಟಿನಲ್ಲಿ ಬಾಡಿದ ಹೂವು ಮಾತ್ರ ಅವುಗಳ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಗುಂಪಿನಲ್ಲಿ ಸುಮ್ಮನಿರುವವರು ಯಾವಾಗಲೂ ಸುಮ್ಮನೇ ಇರುತ್ತಾರೆ.

ಕಟ್ಟಡಗಳ ರೂಪವೂ ಸುದ್ದಿಯ ದಾರಿಯನ್ನು ಮುಚ್ಚುತ್ತಿದೆ. ಜಗಲಿಯಿದ್ದ ಹಳೆಯ ಮನೆ ಕೆಡವಿ ನಾಲ್ಕು ಅಂತಸ್ತು ಎಬ್ಬಿಸಿದಾಗ ನೆಲಮಟ್ಟವೆಲ್ಲ ಕಾರಿಗೆ ಹೋಗುತ್ತದೆ. ಬೀದಿಗೆ ಮುಖ ಮಾಡಿ ಕೂರುವವರು ಇಲ್ಲವಾಗಿ, ಉಳಿಯುವುದು ಮರದಡಿಯ ಇಸ್ತ್ರಿ ಗಾಡಿಯೊಂದೇ. ಅದರ ಹಣೆಬರಹ ಈಗ 2014ರ ಬೀದಿ ವ್ಯಾಪಾರಿಗಳ ಕಾಯಿದೆಯಡಿ ರಚನೆಯಾಗುವ ಪಟ್ಟಣ ವ್ಯಾಪಾರ ಸಮಿತಿಗೆ ಬಿಟ್ಟದ್ದು. ಆ ಸಮಿತಿಯಲ್ಲಿ ಕನಿಷ್ಠ ಶೇ. 40 ಸ್ಥಾನ ವ್ಯಾಪಾರಿಗಳಿಗೆ ಮೀಸಲು, ನಿವಾಸಿಗಳ ಸಂಘದವರಿಗೂ ಅಲ್ಲಿ ಜಾಗವಿದೆ. ಬೀದಿಯ ಸುದ್ದಿ ಹೊರುವವರೂ ಅದನ್ನು ಕೇಳುವವರೂ ಕಾನೂನಿನ ಪ್ರಕಾರ ಒಂದೇ ಮೇಜಿಗೆ ಕೂರುವ ಕಡೆ ಬಹುಶಃ ಇದೊಂದೇ. ಗಾಡಿ ಉಳಿಯಬೇಕೋ ಬೇಡವೋ ಎಂಬ ಪ್ರಶ್ನೆ ಅಲ್ಲಿಗೆ ಬಂದಾಗ ಫುಟ್‌ಪಾತಿನ ಅಗಲವನ್ನು ಅಳೆಯುವುದು ಸರಿಯೇ. ಆ ಗಾಡಿಯವನಿಗೆ ಎಷ್ಟು ಮನೆಗಳ ಆಗುಹೋಗು ಗೊತ್ತು ಎಂಬುದನ್ನೂ ನಿವಾಸಿಗಳ ಸಂಘದವರು ಅಲ್ಲಿ ಹೇಳಬಹುದು. ಕಾಯಿದೆಯಲ್ಲಿ ಅದಕ್ಕೆ ಅಡ್ಡಿಯೇನೂ ಇಲ್ಲ.