ಕ್ಯಾಮೆರಾಕ್ಕೂ ಕಲಾಯಿ ಹಾಕಿಸಿ

ಹೋದ ವಾರ ಅಂಗಡಿಯಲ್ಲಿ ಚೋಟಾ ಸೇಠ್ ನನ್ನ ಕ್ಯಾಮೆರಾ ಮೇಲೆತ್ತಿ ಗಿರಾಕಿಗಳಿಗೆಲ್ಲ ತೋರಿಸಿದ. "ಮುನೀಮ್‌ಜೀ ಕಾ ಡಬ್ಬಾ ದೇಖೋ!" ಅಂತ ಒಂದು ನಗು. ಸೆಲ್ಲು ಹಾಕೋ ಬಾಗಿಲಿಗೆ ರಬ್ಬರ್ ಬ್ಯಾಂಡ್ ಸುತ್ತಿದ್ದೇನೆ (ನಾನೇ ಮೆಟ್ಟಿಲ ಮೇಲೆ ಬೀಳಿಸಿ ಮುರಿದದ್ದು), ಅದನ್ನು ನೋಡಿ ಇನ್ನೊಂದು ನಗು. ನಗಲಿ ಬಿಡಿ. ಆದರೆ ಆಮೇಲೆ ಅಂದ ನೋಡ್ರಿ, "ಇದನ್ನ ಎಸೀರಿ, ಹೊಸ ಫೋನ್ ನಾನು ಕೊಡಿಸ್ತೀನಿ." ನನಗೆ ರೇಗಿದ್ದು ಅಲ್ಲಿ.

ಯಾಕಂದರೆ ಆ ಮಾತು ಆಡಿದವನು ಬೇಗಂ ಬಜಾರಿನ ಪಾತ್ರೆ ವ್ಯಾಪಾರಿಯ ಮೊಮ್ಮಗ. ನಮ್ಮ ಅಂಗಡಿಗೆ ಯಾರಾದರೂ ಅಜ್ಜಿ ಕಾಲದ ಹಿತ್ತಾಳೆ ಹಂಡೆ ತಂದರೆ ಎಸೀರಿ ಅಂತೀವಾ? ತಕ್ಕಡಿಗೆ ಹಾಕಿ ತೂಗಿ, ತೂಕಕ್ಕೆ ದುಡ್ಡು ಕಟ್ಟಿ ಹೊಸದರಲ್ಲಿ ಕಳೀತೀವಿ. ಹಂಡೆ ಎಷ್ಟು ಹಳೆಯದಾದರೂ ಅದರ ಹಿತ್ತಾಳೆಗೆ ಬೆಲೆ ಉಂಟು. ಮೂರು ವರ್ಷದ ಫೋನನ್ನು ಎಕ್ಸ್‌ಚೇಂಜಿಗೆ ಕೊಟ್ಟು ನೋಡಿ, ಅಲ್ಲಿ ಯಾರೂ ತಕ್ಕಡಿ ಇಡುವುದಿಲ್ಲ. ಅವರು ಹೇಳಿದ್ದೇ ಬೆಲೆ.

ನನ್ನದು ಕ್ಯಾನನ್ ಪವರ್‌ಶಾಟ್ ಎ570 ಐಎಸ್, 2007ರ ಮಾಡೆಲ್. 71 ಲಕ್ಷ ಪಿಕ್ಸೆಲ್, ನಾಲ್ಕು ಪಟ್ಟು ಜೂಮ್, ಎರಡು ಪೆನ್ಸಿಲ್ ಸೆಲ್ಲು. ಇದರಲ್ಲಿ ನಾನು ತೆಗೆಯೋದು ಕೊಡ, ತಪ್ಪೇಲಿ, ತಟ್ಟೆ, ಸಮೆ ಇವುಗಳ ಫೋಟೋ. ಬೀದರ್, ಕಲಬುರಗಿ, ರಾಯಚೂರಿನ ಅಂಗಡಿಯವರಿಗೆ ಕಳಿಸಬೇಕು. (1956ರ ತನಕ ಆ ಕಡೆಯೆಲ್ಲ ಹೈದರಾಬಾದ್ ರಾಜ್ಯವೇ. ರಾಜ್ಯ ಒಡೆಯಿತು, ಪಾತ್ರೆ ಹೋಗೋ ದಾರಿ ಒಡೆಯಲಿಲ್ಲ.) ಕಾರ್ಡ್ ತೆಗೆದು ಕಂಪ್ಯೂಟರಿಗೆ ಹಾಕಿ ವಾಟ್ಸಾಪಿನಲ್ಲಿ ಕಳಿಸ್ತೇನೆ.

ಈಗ ಲೆಕ್ಕ ಕೇಳಿ. ಲೆಕ್ಕ ಬರೆಯೋದೇ ನನ್ನ ಕೆಲಸ. ಆಲ್ಬಮ್ಮಿಗೆ ಹಾಕುವ ನಾಲ್ಕು-ಆರು ಇಂಚಿನ ಫೋಟೋ ಚೆನ್ನಾಗಿ ಪ್ರಿಂಟ್ ಆಗಲು ಇಂಚಿಗೆ 300 ಚುಕ್ಕಿ ಸಾಕು. ಅಂದರೆ 1800 ಗುಣಿಸು 1200, ಒಟ್ಟು 21 ಲಕ್ಷದ 60 ಸಾವಿರ. 2003ರ ಕಾಲದ 32 ಲಕ್ಷ ಪಿಕ್ಸೆಲ್ಲಿನ ಕ್ಯಾಮೆರಾದಲ್ಲೂ ಅಷ್ಟು ಇದ್ದು ಮಿಗುತ್ತಿತ್ತು. ಫುಲ್ ಎಚ್‌ಡಿ ಟಿವಿಯ ಪರದೆಯಲ್ಲಿ ಇರುವುದೇ ಸುಮಾರು 21 ಲಕ್ಷ ಚುಕ್ಕಿ. ಇನ್ನು ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದರೆ ಅದು ಫೋಟೋವನ್ನು ಕುಗ್ಗಿಸಿಯೇ ಕಳಿಸುತ್ತದೆ. ಐದು ಕೋಟಿ ಪಿಕ್ಸೆಲ್ ಅಂತ ಡಬ್ಬಿ ಮೇಲೆ ಬರೆದ ಫೋನ್ ಕೊಂಡು, ಅದರ ಫೋಟೋ ಹಿಂಡಿ ಹಿಪ್ಪೆ ಮಾಡಿ ಭಾಲ್ಕಿಯ ಅಂಗಡಿಯವನಿಗೆ ತೋರಿಸೋದು. ಇದಕ್ಕೆ ನಾನು ಹಣ ಕೊಡಬೇಕಂತೆ!

ಅದಿರಲಿ, ಬಣ್ಣದ ಮಾತಿಗೆ ಬರೋಣ, ಯಾಕಂದರೆ ನಿಜವಾದ ಜಗಳ ಅಲ್ಲಿದೆ. ಎರಡು ವರ್ಷದ ಹಿಂದೆ ಚೋಟಾ ಸೇಠ್ ತನ್ನ ಫೋನಿನಲ್ಲಿ ಹಿತ್ತಾಳೆ ತಟ್ಟೆಗಳ ಫೋಟೋ ತೆಗೆದು ಬೀದರ್ ಕಡೆಯ ಒಬ್ಬರಿಗೆ ಕಳಿಸಿದ. ಫೋನು ಅದನ್ನು ತನ್ನ ಬುದ್ಧಿ ಓಡಿಸಿ ಕೆಂಪಗೆ, ಹೊಳಪಾಗಿ, ಚೆಂದ ಮಾಡಿಬಿಟ್ಟಿತ್ತು. ಅವರು ಕಂಚು ಅಂದುಕೊಂಡರು. ಕಂಚಿನ ದರವೇ ಬೇರೆ, ಹಿತ್ತಾಳೆ ದರವೇ ಬೇರೆ. "ಇಷ್ಟು ಕಡಿಮೆಗೆ ಕಂಚಾ?" ಅಂತ ಖುಷಿಯಲ್ಲಿ ನೂರು ತಟ್ಟೆ ಹೇಳಿದರು, ಪಾರ್ಸೆಲ್ ಬಿಚ್ಚಿದ ದಿನವೇ ವಾಪಸ್ ಕಳಿಸಿದರು. ಇಪ್ಪತ್ತು ವರ್ಷದ ಗಿರಾಕಿ, ಆಮೇಲೆ ಆರು ತಿಂಗಳು ಮಾತಿಲ್ಲ. ಫೋನ್ ಮಾಡಿ ಸಮಾಧಾನ ಹೇಳಿದವನು ನಾನು. ನನ್ನ ಡಬ್ಬಾದಲ್ಲಿ ಒಂದು ಬಿಳಿ ಕಾಗದ ತೋರಿಸಿ, ಈ ಬೆಳಕಿನಲ್ಲಿ ಬಿಳಿ ಅಂದರೆ ಇದು ಅಂತ ಹೇಳಿಕೊಟ್ಟರೆ ಆಮೇಲೆ ಹಿತ್ತಾಳೆ ಹಿತ್ತಾಳೆಯಾಗಿಯೇ ಬರುತ್ತದೆ. ಕೆಲವು ಫೋನುಗಳಲ್ಲೂ ಬಣ್ಣ ಸರಿಮಾಡಿಕೊಳ್ಳಬಹುದು, ಇಲ್ಲ ಅನ್ನೋದಿಲ್ಲ. ಯಾರು ಮಾಡ್ತಾರೆ?

ಫೋನಿನ ಕಡೆಯ ನ್ಯಾಯವನ್ನೂ ಹೇಳಿಬಿಡ್ತೇನೆ. ಕತ್ತಲೆಯಲ್ಲಿ ಅದೇ ಗೆಲ್ಲುತ್ತದೆ. ಇವತ್ತಿನ ಒಳ್ಳೆ ಫೋನಿನ ಸೆನ್ಸರ್ ನನ್ನ ಕ್ಯಾಮೆರಾದ್ದಕ್ಕಿಂತ ದೊಡ್ಡದು, ಮೇಲಾಗಿ ಹತ್ತಾರು ಫೋಟೋ ಒಟ್ಟಿಗೆ ತೆಗೆದು ಒಂದಾಗಿ ಬೆರೆಸುತ್ತದೆ. ಗೋದಾಮಿನ ಮೂಲೆಯಲ್ಲಿ ನನ್ನದು ಬರೀ ಮರಳು ಮರಳು. ಹಳೆ ಕ್ಯಾಮೆರಾಗಳು ಸಾಯೋದೂ ನಿಜ. 2005ರಲ್ಲಿ ಸೋನಿ ತಯಾರಿಸಿದ ಕೆಲವು ಸಿಸಿಡಿಗಳು ಬಿಸಿ ಮತ್ತು ತೇವ ಇರುವ ಕಡೆ ಕೈಕೊಡುತ್ತವೆ ಅಂತ ಗೊತ್ತಾಗಿ, ಕ್ಯಾನನ್, ನಿಕಾನ್, ಫ್ಯೂಜಿ, ಒಲಿಂಪಸ್ ಎಲ್ಲ ತಮ್ಮ ಹಲವು ಮಾಡೆಲ್‌ಗಳನ್ನು ಬಿಟ್ಟಿ ರಿಪೇರಿ ಮಾಡಿಕೊಡ್ತೀವಿ ಅಂತ ಪ್ರಕಟಿಸಿದವು. ನೋಡಿ, ಕೆಟ್ಟರೆ ರಿಪೇರಿ ಅನ್ನೋ ಮಾತು ಆಗ ಕಂಪನಿಗಳ ಬಾಯಲ್ಲೂ ಬರುತ್ತಿತ್ತು.

ಈಗ? ಹೋದ ವರ್ಷ ನನ್ನ ಫೋನು ಒಂದು ಬೆಳಿಗ್ಗೆ ಕಣ್ಣು ಬಿಡಲಿಲ್ಲ. ಸರ್ವೀಸ್ ಸೆಂಟರಿನ ಹುಡುಗ ಎರಡು ನಿಮಿಷ ನೋಡಿ ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ ಅಂದ. ಒಳಗಿರೋ ಫೋಟೋ ಅಂದೆ. "ಬ್ಯಾಕಪ್ ಇಲ್ವಾ ಅಂಕಲ್?" ಇರಲಿಲ್ಲ. ನಮ್ಮ ಅಣ್ಣನ ಕೊನೇ ದೀಪಾವಳಿಯ ಫೋಟೋಗಳು ಅದರಲ್ಲಿದ್ದವು. ತಪ್ಪು ನನ್ನದೂ ಇದೆ, ಒಪ್ಪುತ್ತೇನೆ. ಆದರೆ ಅದೇ ಅಣ್ಣನ 2008ರ ಫೋಟೋ, ಹೊಲದಲ್ಲಿ ತೊಗರಿ ನಡುವೆ ನಿಂತು ಕಣ್ಣು ಕಿರಿದು ಮಾಡಿ ನೋಡ್ತಿರೋದು, ಬೆರಳುಗುರಿನಷ್ಟು ಕಾರ್ಡಿನಲ್ಲಿ ಇವತ್ತೂ ಇದೆ. ಕ್ಯಾಮೆರಾ ಸತ್ತರೂ ಕಾರ್ಡ್ ಕಿತ್ತು ಇನ್ನೊಂದಕ್ಕೆ ಹಾಕಬಹುದು. ಆ ಫೋನಿನಿಂದ ಕಿತ್ತುಕೊಳ್ಳಲು ನನ್ನ ಕೈಗೆ ಏನೂ ಸಿಗಲಿಲ್ಲ.

ಇನ್ನೊಂದು ಪಂಗಡದವರೂ ಇದ್ದಾರೆ, ಅವರನ್ನು ಕಂಡರೂ ನನಗೆ ಆಗಲ್ಲ. ನಮ್ಮ ಪಕ್ಕದ ಜುಮೇರಾತ್ ಬಜಾರಿನಲ್ಲಿ ಗುರುವಾರ ಬೆಳಿಗ್ಗೆ ಹಳೇ ಸಾಮಾನಿನ ಸಂತೆ. ಅಲ್ಲಿ ಮೊದಲು ಇಂಥ ಕ್ಯಾಮೆರಾಗಳು ಚಾರ್ಜರ್ ವೈರುಗಳ ನಡುವೆ ಬಿದ್ದಿರುತ್ತಿದ್ದವು, ಇನ್ನೂರಕ್ಕೆ ಕೊಡ್ತಿದ್ದ. ಈಗ ಕಾಲೇಜು ಹುಡುಗರು ಸಿಸಿಡಿ ಬೇಕು, ಅದರ ಬಣ್ಣವೇ ಬೇರೆ ಅಂತ ಹುಡುಕಿಕೊಂಡು ಬರ್ತಾರೆ, ಅದೇ ಡಬ್ಬಾಕ್ಕೆ ಎರಡು ಸಾವಿರ ಹೇಳ್ತಾನೆ. ಬಣ್ಣ ಬರೋದು ಸೆನ್ಸರ್ ಮೇಲಿನ ಫಿಲ್ಟರಿನಿಂದ, ಒಳಗಿನ ಲೆಕ್ಕಾಚಾರದಿಂದ. ಬರೀ ಸಿಸಿಡಿ ಅನ್ನೋ ಹೆಸರಿನಲ್ಲಿ ಮಂತ್ರವೇನೂ ಇಲ್ಲ. ಫ್ಯಾಷನ್ ಮುಗಿದ ದಿನ ಈ ಹುಡುಗರೂ ಎಸೀತಾರೆ. ನಾನು ಇದನ್ನು ಇಟ್ಟುಕೊಂಡಿರೋದು ಹಳೆಯದು ಅಂತಲ್ಲ, ನಡೀತಾ ಇದೆ ಅಂತ.

ಜಪಾನಿನ ಕ್ಯಾಮೆರಾ ಕಂಪನಿಗಳ ಸಂಘದ ಲೆಕ್ಕದಲ್ಲಿ 2010ರ ಒಂದೇ ವರ್ಷ 12 ಕೋಟಿ ಡಿಜಿಟಲ್ ಕ್ಯಾಮೆರಾ ಹೊರಬಿದ್ದಿವೆ. 2023ರಲ್ಲಿ 80 ಲಕ್ಷವೂ ಇಲ್ಲ. ಆ 12 ಕೋಟಿ ಎಲ್ಲಿ ಹೋದವು? ನಿಮ್ಮ ಅಲ್ಮೇರಾ ತೆಗೆದು ನೋಡಿ. ಊರು ಬಿಟ್ಟು ಬಂದ ನಾವು, ಊರಿಗೆ ಹೋದಾಗ ಮನೆ, ಮಂದಿ, ಜಾತ್ರೆ ತೆಗೀಬೇಕು ಅಂತ ಮೊದಲ ಸಂಬಳ ಉಳಿಸಿ ತಗೊಂಡವರು. ಕೆಟ್ಟಿಲ್ಲ, ಎಷ್ಟೋ ಸಲ ಒಳಗೆ ಬಿಟ್ಟ ಸೆಲ್ಲು ಸೋರಿ ತಂತಿಗೆ ಹಸಿರು ಹತ್ತಿರುತ್ತದೆ, ಅಷ್ಟೇ. ಹತ್ತಿಗೆ ಎರಡು ಹನಿ ವಿನೆಗರ್ ಹಾಕಿ ಒರೆಸಿ, ಒಣಗಿಸಿ, ಹೊಸ ಸೆಲ್ಲು ಹಾಕಿ.

ನಾನು ಇಲ್ಲಿಗೆ ಬಂದಾಗ ಗಲ್ಲಿಯ ಬಾಯಲ್ಲಿ ಕಲಾಯಿ ಹಾಕುವವರು ಕೂತಿರುತ್ತಿದ್ದರು. ತಿದಿ ಒತ್ತಿ, ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರದ ಕಡ್ಡಿ ತಾಗಿಸಿ ಹತ್ತಿಯಲ್ಲಿ ಒಂದು ಸುತ್ತು ಎಳೆದರೆ ಒಳಗೆಲ್ಲ ಬೆಳ್ಳಿ. ಅವರು ಹೋದದ್ದು ಹಿತ್ತಾಳೆ ಕೆಟ್ಟಿತು ಅಂತಲ್ಲ, ನಾವು ಪಾತ್ರೆ ತರೋದು ಬಿಟ್ಟೆವು ಅಂತ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಿಪೇರಿಯ ಹಕ್ಕು ಅಂತ ಒಂದು ಪೋರ್ಟಲ್ ಮಾಡಿತು. ಒಳ್ಳೇದೇ. ಹಕ್ಕು ಬಂತು, ಸ್ಕ್ರೂಡ್ರೈವರ್ ಹಿಡಿಯೋ ಕೈ ಎಲ್ಲಿ? ಕೋಠಿ ಕಡೆ ನನ್ನ ಕ್ಯಾಮೆರಾ ನೋಡುವ ಮಿಯಾ ಸಾಹೇಬರು ಈ ರಂಜಾನ್ ಆದಮೇಲೆ ಅಂಗಡಿ ಮುಚ್ಚುತ್ತಾರಂತೆ. ತಿಂಗಳಿಗೆ ನಾಲ್ಕು ಜನ ಬಂದರೆ ಬಾಡಿಗೆ ಹುಟ್ಟಲ್ಲ ಅಂದರು.

ಅದಕ್ಕೇ ಮೊನ್ನೆ ಪರಿಚಯದ ಕನ್ನಡದವರ ಮನೆಗಳಿಂದ ಐದು ಕ್ಯಾಮೆರಾ ಕೂಡಿಸಿಕೊಂಡು ಅವರ ಮೇಜಿನ ಮೇಲಿಟ್ಟು ಬಂದೆ. ಎರಡು ಎದ್ದು ಕೂತಿವೆ, ಎರಡಕ್ಕೆ ಸಾಮಾನು ಬೇಕು, ಒಂದು ಆಗಲ್ಲ ಅಂದರು. ಎದ್ದ ಒಂದರಲ್ಲಿ ಕಾರ್ಡ್ ಒಳಗೇ ಇತ್ತು, 2009ರ ಒಂದು ಮದುವೆ ಪೂರ್ತಿ. ಮನೆಯವರಿಗೆ ಫೋನ್ ಮಾಡಿದೆ. ತುಂಬಾ ಖುಷಿಪಟ್ಟರು. ಕಾರ್ಡ್ ಮಾತ್ರ ತಗೊಂಡು ಬನ್ನಿ, ಕ್ಯಾಮೆರಾ ನೀವೇ ಇಟ್ಕೊಳ್ಳಿ ಅಂದರು :-)

ಕ್ಯಾಮೆರಾ ನನ್ನ ಹತ್ರ ಇದೆ. ಯಾರಿಗಾದರೂ ಬೇಕಾದರೆ ಹೇಳಿ, ಮಿಯಾ ಸಾಹೇಬರ ಮುನ್ನೂರೈವತ್ತು ರೂಪಾಯಿ ಕೊಟ್ಟು ತಗೊಂಡು ಹೋಗಿ.