ಹೃದಯವೂ ಚಿಗುರುವುದೆ?

ಮಳವಳ್ಳಿಯಿಂದ ಬಸ್ಸಿನಲ್ಲಿ ಮದ್ದೂರಿಗೆ ಬಂದು, ನಾನು ಕಾಲೇಜಿಗೆ ಹೋಗುವ ರೈಲನ್ನೇ ಹಿಡಿದು, ಮಂಡ್ಯದ ಮಗಳ ಮನೆಗೆ ಹೋಗಿಬರುವ ಹಿರಿಯರೊಬ್ಬರಿದ್ದಾರೆ. ನಿವೃತ್ತ ಲೆಕ್ಕದ ಮೇಷ್ಟರು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರರು ನಲವತ್ತಾರರ ಪ್ರಾಯದಲ್ಲೇ ಹೃದಯಾಘಾತದಿಂದ ತೀರಿಕೊಂಡರಲ್ಲವೆ? ಅಂದಿನಿಂದ ಇವರು ಬೆಳಗಿನ ನಡಿಗೆಯನ್ನು ಬಿಟ್ಟುಬಿಟ್ಟರು. “ಅಂಥ ಕಸರತ್ತಿನ ಮೈಯೇ ಉಳಿಯಲಿಲ್ಲ. ದೇವರು ಎಣಿಸಿ ಕೊಟ್ಟ ಬಡಿತಗಳನ್ನು ನಾನೇಕೆ ದುಂದು ಮಾಡಲಿ?” ಎಂಬುದು ಅವರ ವಾದ.

ಲೆಕ್ಕಕ್ಕೆ ಲೆಕ್ಕವನ್ನೇ ಒಡ್ಡಿದೆ. ಅರ್ಧ ಗಂಟೆಯ ನಡಿಗೆಯಲ್ಲಿ ನಿಮಿಷಕ್ಕೆ ನಲವತ್ತು ಬಡಿತ ಹೆಚ್ಚಾದರೆ ಖರ್ಚು 1,200. ಅಭ್ಯಾಸದಿಂದ ಉಳಿದ ಹೊತ್ತಿನ ನಾಡಿ ನಿಮಿಷಕ್ಕೆ ಐದು ಇಳಿದರೂ ದಿನದ ಉಳಿತಾಯ 7,000ಕ್ಕೆ ಮಿಕ್ಕು! ಮೇಷ್ಟರು ಮನಸ್ಸಿನಲ್ಲೇ ಗುಣಿಸಿ ನೋಡಿ ಒಪ್ಪಿದರು. ಆದರೆ ಮರುಪ್ರಶ್ನೆ ಹಾಕಿದರು: “ಸವೆದುದು ಮತ್ತೆ ಬೆಳೆಯುವುದೇನು?”

ಯಕೃತ್ತು ನಮ್ಮ ಕೂಳೆ ಕಬ್ಬಿನಂತೆ, ಕೊಯ್ದರೂ ಬೆಳೆಯುತ್ತದೆ. ಹೃದಯವಾದರೋ ತೆಂಗಿನ ಸುಳಿ, ಹೋದರೆ ಹೋಯಿತು ಎಂದೇ ವೈದ್ಯಶಾಸ್ತ್ರ ಬಹುಕಾಲ ನಂಬಿತ್ತು. ಆ ನಂಬಿಕೆಯನ್ನು ಸಡಿಲಿಸಿದುದು ವಿಚಿತ್ರವೆಂದರೆ ಅಣುಬಾಂಬು! 1963ರ ಒಪ್ಪಂದಕ್ಕೆ ಮುನ್ನ ವಾಯುಮಂಡಲದಲ್ಲಿ ನಡೆದ ಪರೀಕ್ಷೆಗಳು ವಿಕಿರಣಶೀಲ ಇಂಗಾಲವನ್ನು ಲೋಕವೆಲ್ಲ ಹರಡಿದುವು. ವಿಶ್ವೇಶ್ವರಯ್ಯ ನಾಲೆಯ ನೀರುಂಡ ಕಬ್ಬೂ ಅದನ್ನು ಗಾಳಿಯಿಂದ ಹೀರಿತು. ಬೆಲ್ಲ ತಿಂದವರ ಮೈಗೂ ಅದು ಸೇರಿತು. ಜೀವಕೋಶ ಹುಟ್ಟಿದ ವರ್ಷ ಗಾಳಿಯಲ್ಲಿದ್ದ ಪ್ರಮಾಣವೇ ಅದರ ಡಿ.ಎನ್.ಎ.ಯಲ್ಲಿ ಅಚ್ಚೊತ್ತಿ ಉಳಿಯುತ್ತದೆ. ಅದೇ ಅದರ ಜಾತಕ. ಸ್ವೀಡನ್ನಿನ ಯೋನಾಸ್ ಫ್ರಿಸೆನ್ನರ ತಂಡ 2009ರಲ್ಲಿ ಈ ಜಾತಕವನ್ನು ಓದಿತು. ಇಪ್ಪತ್ತೈದರ ಪ್ರಾಯದಲ್ಲಿ ಹೃದಯದ ಸ್ನಾಯುಕೋಶಗಳಲ್ಲಿ ವರ್ಷಕ್ಕೆ ನೂರಕ್ಕೊಂದು ಹೊಸದಾಗುತ್ತದೆ. ಎಪ್ಪತ್ತೈದರಲ್ಲಿ ಅರ್ಧಕ್ಕೂ ಕಡಿಮೆ. ಹೃದಯಾಘಾತದಲ್ಲಿ ಅಳಿಯುವ ಕೋಟ್ಯಂತರ ಕೋಶಗಳಿಗೆ ಈ ಚಿಗುರು ಎಲ್ಲಿಗೆ ಸಾಕು?

ವ್ಯಾಯಾಮ ಈ ಚಿಗುರನ್ನು ಹೆಚ್ಚಿಸೀತೆ? 2018ರಲ್ಲಿ ಹಾರ್ವರ್ಡಿನ ವಿಜ್ಞಾನಿಗಳು ಇಲಿಗಳಿಗೆ ತಿರುಗುವ ಚಕ್ರವೊಂದನ್ನು ಕೊಟ್ಟರು. ಅವು ತಾವಾಗಿಯೇ ದಿನಕ್ಕೆ ಸುಮಾರು 5 ಕಿಲೋಮೀಟರು ಓಡಿದುವು. ಎಂಟು ವಾರ ಕಳೆದಾಗ, ಓಡದ ಇಲಿಗಳಿಗಿಂತ ನಾಲ್ಕೂವರೆ ಪಟ್ಟಿಗೂ ಹೆಚ್ಚು ಹೊಸ ಕೋಶಗಳು ಅವುಗಳ ಹೃದಯದಲ್ಲಿದ್ದುವು. 2022ರಲ್ಲಿ ಮುದಿ ಇಲಿಗಳಲ್ಲಿಯೂ ಓಟದಿಂದ ಹೊಸ ಕೋಶಗಳು ಹುಟ್ಟಿದುದು ತಿಳಿದುಬಂತು. “ಮುದಿ ಇಲಿ” ಎಂದೊಡನೆ ಮೇಷ್ಟರು ನೆಟ್ಟಗೆ ಕುಳಿತರು.

ಇಲಿಯ ಮಾತು ಮನುಷ್ಯನಿಗೂ ಸಲ್ಲುವುದೆಂಬುದು ಇನ್ನೂ ಸಿದ್ಧವಾಗಿಲ್ಲವೆಂದು ನಾನು ಹೇಳಲೇಬೇಕಾಯಿತು. ವ್ಯಾಯಾಮದಿಂದ ಹೃದಯ ಬಲಿಯುವುದು ಮುಖ್ಯವಾಗಿ ಇರುವ ಕೋಶಗಳೇ ಮೈದುಂಬಿಕೊಳ್ಳುವುದರಿಂದ. ರಕ್ತದೊತ್ತಡದಲ್ಲಿಯೂ ಹೃದಯ ದಪ್ಪವಾಗುತ್ತದೆ. ಅದು ನಾರುಗಟ್ಟಿ ಬಿರುಸಾಗುವ ಬೇರೆಯ ದಪ್ಪ. ಎರಡನ್ನೂ ಬೇರ್ಪಡಿಸಿ ಹೇಳಬಲ್ಲವರು ವೈದ್ಯರೇ ಹೊರತು ರೈಲಿನ ಕನ್ನಡ ಅಧ್ಯಾಪಕನಲ್ಲ.

ಮೇಷ್ಟರು ಮೈಸೂರಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದರು. ಈಗ ಮಂಡ್ಯದ ನಿಲ್ದಾಣದಿಂದ ಮಗಳ ಮನೆಗೆ ಆಟೋ ಹತ್ತುವುದಿಲ್ಲ. “ಆ ಇಲಿಗಳಿಗೆ ಮದ್ದೂರು ವಡೆ ಕೊಟ್ಟು ನೋಡಿದ್ದರೆ?” ಎಂದು ಮೊನ್ನೆ ಕೇಳಿದರು. ಕೈಯಲ್ಲಿ ಪೊಟ್ಟಣವಿತ್ತು.