ಎಕ್ಕ ಕಿತ್ತರೆ ಸೇವೆಯೇ?

‘ಪ್ರಾಣಿ, ಪಕ್ಷಿ ನೋಡಬೇಕೆಂದರೆ ಚಿಂಚೋಳಿ ಕಾಡಿಗೆ ಹೋಗಲಿ, ಕಾಲೇಜಿನ ಅಂಗಳದಲ್ಲೇನಿದೆ?’ ಎನ್ನುವವರಿದ್ದಾರೆ. ಚಿಂಚೋಳಿ 2011ರಲ್ಲಿ ವನ್ಯಧಾಮವಾಯಿತು; ಸುಮಾರು 135 ಚದರ ಕಿಲೋಮೀಟರಿನ ಆ ಕಾಡನ್ನು ಕಾಯಲು ಅರಣ್ಯ ಇಲಾಖೆಯಿದೆ. ಅದೇ ಜಿಲ್ಲೆಯ ಶಹಾಬಾದ್, ವಾಡಿ ಊರುಗಳ ಪಾಡು ಬೇರೆ. ನೆಲದಡಿ ಸುಣ್ಣದ ಕಲ್ಲು, ಅದಕ್ಕಾಗಿ ಗಣಿ, ಸಿಮೆಂಟ್ ಕಾರ್ಖಾನೆ. ಉಳಿದ ಕರಿಮಣ್ಣಿನಲ್ಲಿ ತೊಗರಿ. ನೇಗಿಲು ತಾಗದ, ಮೇಕೆ ನುಗ್ಗದ ತುಂಡು ನೆಲ ಇಂಥಲ್ಲಿ ಉಳಿದಿರುವ ಜಾಗಗಳಲ್ಲಿ ಗೋಡೆ ಕಟ್ಟಿಕೊಂಡ ಕಾಲೇಜಿನ ಹಿತ್ತಿಲೂ ಒಂದು.

ಆ ಹಿತ್ತಿಲಿಗೆ ವಿದ್ಯಾರ್ಥಿಗಳ ಕೈಗಿಂತ ಕಣ್ಣು ಬೇಕು. 1969ರಲ್ಲಿ ಶುರುವಾದ ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರು ಎರಡು ವರ್ಷದಲ್ಲಿ 240 ಗಂಟೆ ದುಡಿಯಬೇಕು. ಗಂಟೆ ತುಂಬಿಸುವ ಸುಲಭ ದಾರಿಯೆಂದರೆ ತರಗೆಲೆ ಗುಡಿಸುವುದು, ಕಳೆ ಕೀಳುವುದು, ಜುಲೈಯ ವನಮಹೋತ್ಸವಕ್ಕೆ ಗುಂಡಿ ತೋಡುವುದು. ಹಾಗೆ ಕೀಳಲಾಗುವ ಕಳೆಯಲ್ಲಿ ಎಕ್ಕವೂ ಇರುತ್ತದೆ. ಶನಿವಾರ ಹನುಮಪ್ಪನ ಕೊರಳಿಗೆ ಹಾರವಾಗುವ ಗಿಡಕ್ಕೆ ಸೋಮವಾರ ಕಾಲೇಜಿನಲ್ಲಿ ಕುಡುಗೋಲು! ಕಿತ್ತಳೆ ರೆಕ್ಕೆಯ ಪ್ಲೇನ್ ಟೈಗರ್ ಚಿಟ್ಟೆ ಮೊಟ್ಟೆಯಿಡುವುದು ಎಕ್ಕದಂಥ ಹಾಲು ಸುರಿಸುವ ಗಿಡಗಳ ಮೇಲೆ. ಕಪ್ಪು, ಬಿಳಿ, ಹಳದಿ ಪಟ್ಟೆಯ ಅದರ ಹುಳು ಆ ವಿಷದ ಎಲೆಯನ್ನೇ ಮೇಯುತ್ತದೆ; ಆ ವಿಷವೇ ಮುಂದೆ ಚಿಟ್ಟೆಯನ್ನು ಹಕ್ಕಿಯ ಬಾಯಿಂದ ಕಾಯುತ್ತದೆ. ಎಕ್ಕಕ್ಕೆ ಗೊಬ್ಬರ ಬೇಡ, ನೀರೂ ಬೇಡ. ಕೀಳದೆ ಬಿಟ್ಟರೆ ಸಾಕು. ಬಿಟ್ಟ ಮೇಲೆ ವಾರಕ್ಕೊಮ್ಮೆ ಅದೇ ಗಿಡದ ಮುಂದೆ ನಿಂತು ಮೊಟ್ಟೆ ಕಂಡಿತೇ, ಪಕ್ಕದ ಬೇವು ಯಾವಾಗ ಹೂಬಿಟ್ಟಿತು ಎಂದು ತಾರೀಖಿನೊಡನೆ ಬರೆಯುವುದು 240 ಗಂಟೆಯ ಲೆಕ್ಕಕ್ಕೆ ಬರಲಿ.

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಕಣ್ಣಿಗೆ ಅಂಗಳ ಗಲೀಜಾಗಿ ಕಂಡೀತು ಎಂಬ ಅಳುಕಿಗೆ ಉತ್ತರ ಕೊಡಬೇಕಿಲ್ಲ. ಹಾವಿನ ಭಯ ಮಾತ್ರ ಹುಸಿಯಲ್ಲ: ಪೊದೆ, ತರಗೆಲೆಗಳು ತರಗತಿಯಿಂದ ದೂರವಿರಲಿ, ನಡುವೆ ಪರ್ಸಿ ಕಲ್ಲು ಹಾಸಿದ ದಾರಿಯಿರಲಿ. ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ. ತಾಂಡಾದಿಂದ ಬಸ್ಸು ಹಿಡಿದು ಬರುವ ಹುಡುಗಿಗೆ ಸಂಜೆ ಮನೆಗೆಲಸ ಕಾದಿರುತ್ತದೆ, ತೊಗರಿ ಕೊಯ್ಲಿಗೆ ಹೊಲ ಕರೆಯುತ್ತದೆ. ಸ್ವಯಂಸೇವೆಯೆಂಬುದು ಹಾಸ್ಟೆಲಿನವರ ಬಿಡುವಿನ ಸುಖ, ಜೊತೆಗೆ ಮಾಲಿಯ ಕೂಲಿ ಉಳಿಸುವ ಉಪಾಯ ಎಂಬುದೇ ಆ ಆಕ್ಷೇಪ. ಒಪ್ಪಬೇಕಾದ ಮಾತೇ. ಅದಕ್ಕೇ ನೀರು ಹಾಕುವ, ಬೇಲಿ ಕಟ್ಟುವ ಕೆಲಸ ಸಂಬಳದ ಕೆಲಸವಾಗಿಯೇ ಉಳಿಯಬೇಕು, ನೋಡಿ ಬರೆಯುವ ಕೆಲಸ ವೇಳಾಪಟ್ಟಿಯೊಳಗೇ ನಡೆಯಬೇಕು. ಹಾಗಾದಾಗ ಎಕ್ಕ, ತಂಗಡಿ, ಮುತ್ತುಗಗಳ ಗುರುತು ಮನೆಯಿಂದಲೇ ಕಲಿತು ಬಂದ ತಾಂಡಾದ ಹುಡುಗಿ ಮೇಷ್ಟ್ರಿಗಿಂತ ಮುಂದಿರುವುದೂ ಸಾಧ್ಯ. ರಜೆಯಲ್ಲಿ ಏನು ಗತಿ? ಬಿಸಿಲು 42 ಡಿಗ್ರಿ ಮುಟ್ಟುವ ದಿನಗಳಲ್ಲಿ ವಿದ್ಯಾರ್ಥಿಗಳಿರುವುದಿಲ್ಲ, ಮಾಲಿ ಇರುತ್ತಾನೆ. ಆ ದಿನಗಳ ದಾಖಲೆಯ ಪುಟಗಳನ್ನು ಅವನೇ ತುಂಬಲಿ, ನೋಡಿದವರ ಪಟ್ಟಿಯಲ್ಲಿ ಅವನ ಹೆಸರೂ ಇರಲಿ.